ಉಪವಾಸವು ತಪಸ್ಸೋ, ದೇಹದ ವಿಷ ತೆಗೆಯುವ ಚಿಕಿತ್ಸೆಯೋ?

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ಶ್ರಾವಕರ ಮನೆಗಳಲ್ಲಿ ವ್ರತೋಪವಾಸಗಳ ಕಾಲ. ಬೀದರ ಸೀಮೆಯಲ್ಲಿ ಅವು ಹೆಸರು, ಉದ್ದುಗಳ ರಾಶಿಯ ಗಡಿಬಿಡಿಯ ದಿನಗಳು. ಆದರೂ ಏಕಾಶನ ಮಾಡುವವರು, ಒಂದು ದಿನ ಬಿಟ್ಟು ಒಂದು ದಿನ ಉಪವಾಸವಿರುವವರು, ಹತ್ತೂ ದಿನ ಅನ್ನ ಮುಟ್ಟದವರು ಇದ್ದೇ ಇರುತ್ತಾರೆ. ಇದು ತಲೆತಲಾಂತರದಿಂದ ನಡೆದು ಬಂದ ಸಂಸ್ಕಾರ.

ಈಚಿನ ವರ್ಷಗಳಲ್ಲಿ ಈ ಸಂಸ್ಕಾರಕ್ಕೆ ಒಂದು ಹೊಸ ಮಾತು ಅಂಟಿಕೊಂಡಿದೆ. ಉಪವಾಸದಿಂದ ದೇಹದಲ್ಲಿ ಕೂಡಿಬಿದ್ದ ವಿಷವೆಲ್ಲ ಹೊರಬೀಳುವುದು, ಹಸಿ ತರಕಾರಿಯ ರಸ ಕುಡಿದರೆ ಯಕೃತ್ತು ಶುದ್ಧವಾಗುವುದು, ಮಧುಮೇಹ ರಕ್ತದೊತ್ತಡಗಳು ಔಷಧವಿಲ್ಲದೆ ಮಾಯವಾಗುವುವು ಎಂಬ ಮಾತದು. ‘ಡಿಟಾಕ್ಸ್’ ಎಂಬ ಹೆಸರಿನಲ್ಲಿ ಪೇಟೆಯಲ್ಲಿ ಮಾರಾಟವಾಗುವ ಈ ವಿಚಾರವು ಈಗ ಪರ್ವದ ಶುಭಾಶಯಗಳ ಜೊತೆಯಲ್ಲಿಯೇ ಮನೆಮನೆಗೆ ಬರುತ್ತಿದೆ. ಜಿನಧರ್ಮದ ಉಪವಾಸವನ್ನು ವಿಜ್ಞಾನವೂ ಒಪ್ಪಿತಲ್ಲ ಎಂಬ ಸಂತೋಷದಿಂದ ಹಲವರು ಅದನ್ನು ನಂಬುತ್ತಾರೆ. ಆ ಸಂತೋಷಕ್ಕೆ ಗಟ್ಟಿಯಾದ ಆಧಾರವಿದೆಯೇ ಎಂದು ಪರೀಕ್ಷಿಸುವುದು ಈ ಪಾಠದ ಉದ್ದೇಶ.

ಒಂದು ದೃಷ್ಟಾಂತ

ಜನವಾಡದಲ್ಲಿ ಒಂದು ಶ್ರಾವಕರ ಮನೆ ಇದೆಯೆಂದು ಇಟ್ಟುಕೊಳ್ಳಬೇಕು. ಮನೆಯ ಹಿರಿಯರಿಗೆ ಅರವತ್ತೆಂಟು ವರ್ಷ. ಹನ್ನೆರಡು ವರ್ಷಗಳಿಂದ ಮಧುಮೇಹ. ದಿನಕ್ಕೆ ಎರಡು ಹೊತ್ತು ಗುಳಿಗೆ. ಪರ್ವಕ್ಕೆ ಎರಡು ದಿನ ಉಳಿದಿರುವಾಗ ಪುಣೆಯಲ್ಲಿರುವ ಅಳಿಯನಿಂದ ಅವರ ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ಹತ್ತು ದಿನ ಉಪವಾಸ ಮಾಡಿದರೆ ಸಕ್ಕರೆ ರೋಗ ಬೇರುಸಹಿತ ಹೋಗುವುದೆಂದೂ, ಇದನ್ನು ಕಂಡುಹಿಡಿದ ಜಪಾನಿನ ವಿಜ್ಞಾನಿಗೆ ನೊಬೆಲ್ ಬಹುಮಾನ ಬಂದಿದೆಯೆಂದೂ ಅದರಲ್ಲಿ ಬರೆದಿರುತ್ತದೆ. ಹಿರಿಯರು ಗುಳಿಗೆಯ ಡಬ್ಬಿಯನ್ನು ಗೋಡೆಯ ಮಾಡದಲ್ಲಿ ಹಿಂದಕ್ಕೆ ಸರಿಸಿಡುತ್ತಾರೆ. ಪಾಠಶಾಲೆಗೆ ಹೋಗುವ ಮೊಮ್ಮಗಳು ಅದನ್ನು ನೋಡಿ ಕೇಳುತ್ತಾಳೆ: “ಅಜ್ಜಾ, ನೀವು ಉಪಾಸ ಮಾಡೂದು ಕರ್ಮ ನಿರ್ಜರೆಗೇನ್ರಿ, ಸಕ್ರಿ ಇಳಿಸ್ಲಿಕ್ಕೇನ್ರಿ?”

ಹುಡುಗಿಯ ಈ ಪ್ರಶ್ನೆ ಸಣ್ಣದಲ್ಲ. ಅದರ ಒಂದು ಭಾಗಕ್ಕೆ ಆಗಮವು ಉತ್ತರ ಹೇಳಬೇಕು. ಇನ್ನೊಂದು ಭಾಗಕ್ಕೆ ವೈದ್ಯವಿಜ್ಞಾನವು ಉತ್ತರ ಹೇಳಬೇಕು.

ಆಗಮದಲ್ಲಿ ಅನಶನ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯ ತಪಸ್ಸುಗಳನ್ನು ಆರಾಗಿ ವಿಂಗಡಿಸಿದ್ದಾರೆ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಇವುಗಳಲ್ಲಿ ಮೊದಲನೆಯದಾದ ಅನಶನದ ಪ್ರಯೋಜನವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ. ಕಣ್ಣಿಗೆ ಕಾಣುವ ಲೌಕಿಕ ಫಲದ ಅಪೇಕ್ಷೆಯಿಲ್ಲದೆ ಅನಶನವನ್ನು ಮಾಡಬೇಕು. ಸಂಯಮದ ಸಿದ್ಧಿ, ರಾಗದ ಉಚ್ಛೇದ, ಕರ್ಮದ ನಾಶ, ಧ್ಯಾನ ಮತ್ತು ಆಗಮಗಳ ಪ್ರಾಪ್ತಿ, ಇವು ಅದರ ಉದ್ದೇಶಗಳು ಎಂಬುದು ಅವರ ವಿವರಣೆಯ ತಾತ್ಪರ್ಯ.

ಈ ಪಟ್ಟಿಯಲ್ಲಿ ಆರೋಗ್ಯದ ಹೆಸರಿಲ್ಲ. ಆಚಾರ್ಯರಿಗೆ ವೈದ್ಯ ತಿಳಿದಿರಲಿಲ್ಲವೆಂದು ಇದಕ್ಕೆ ಕಾರಣ ಹೇಳುವಂತಿಲ್ಲ. ಪೂಜ್ಯಪಾದರು ವೈದ್ಯಗ್ರಂಥವನ್ನೂ ರಚಿಸಿದ್ದರೆಂದು ಪರಂಪರೆ ಹೇಳುತ್ತದೆ. ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥದಲ್ಲಿ ಉಗ್ರಾದಿತ್ಯಾಚಾರ್ಯರು ತಮ್ಮ ಹಿಂದಿನ ವೈದ್ಯಾಚಾರ್ಯರ ಸಾಲಿನಲ್ಲಿ ಪೂಜ್ಯಪಾದರನ್ನು ಸ್ಮರಿಸಿದ್ದಾರೆ. ವೈದ್ಯ ಬಲ್ಲ ಆಚಾರ್ಯರೇ ಅನಶನದ ಪ್ರಯೋಜನಗಳಲ್ಲಿ ರೋಗನಿವಾರಣೆಯನ್ನು ಎಣಿಸಲಿಲ್ಲವೆಂದರೆ, ತಪಸ್ಸು ಬೇರೆ, ಚಿಕಿತ್ಸೆ ಬೇರೆ ಎಂಬುದು ಅವರಿಗೆ ಖಚಿತವಾಗಿತ್ತೆಂದೇ ಅರ್ಥ.

ಇನ್ನೊಂದು ಮಾತನ್ನೂ ನೆನೆಯಬೇಕು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳು ಇಲ್ಲದವನೇ ವ್ರತಿ. ವ್ರತದ ಫಲವಾಗಿ ಭೋಗವನ್ನೋ ಐಶ್ವರ್ಯವನ್ನೋ ಬಯಸುವುದು ನಿದಾನ. ತೂಕ ಇಳಿಯಲಿ, ಮುಖಕ್ಕೆ ಕಾಂತಿ ಬರಲಿ ಎಂದು ಲೆಕ್ಕ ಹಾಕಿ ಹಿಡಿದ ಉಪವಾಸವು ಇದೇ ದಾರಿಗೆ ಇಳಿಯುತ್ತದೆ. ಅಶುಚಿತ್ವಾನುಪ್ರೇಕ್ಷೆಯಂತೂ ದೇಹವು ಸ್ವಭಾವದಿಂದಲೇ ಅಶುಚಿಯೆಂದು ಬೋಧಿಸುತ್ತದೆ. ಸ್ನಾನದಿಂದಲೂ ಗಂಧದಿಂದಲೂ ಶುಚಿಯಾಗದ ಈ ದೇಹವನ್ನು ಒಂದು ವಾರದ ರಸಪಾನವು ಶುದ್ಧ ಮಾಡುವುದೆಂಬ ಭರವಸೆಯನ್ನು ಆ ಭಾವನೆಯನ್ನು ದಿನವೂ ಚಿಂತಿಸುವ ಶ್ರಾವಕನು ಹೇಗೆ ನಂಬಿಯಾನು?

‘ವಿಷ’ವೆಂಬ ಮಾತಿನ ಮೂಲ

ಕನ್ನಡದ ಜೈನ ಕವಿಗಳಿಗೆ ವಿಷವಿದ್ಯೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ವಿಷಚಿಕಿತ್ಸೆಗಾಗಿಯೇ ಬರೆದನು. ಸ್ಥಾವರ ವಿಷ, ಜಂಗಮ ವಿಷ ಎಂಬ ವಿಭಾಗ, ವಿಷದ ಲಕ್ಷಣ, ಅದಕ್ಕೆ ತಕ್ಕ ಮದ್ದು, ಹೀಗೆ ಆ ಶಾಸ್ತ್ರದ ಕ್ರಮ. ವಿಷಕ್ಕೆ ಹೆಸರಿರಬೇಕು, ಗುರುತು ಇರಬೇಕು, ಚಿಕಿತ್ಸೆಯ ಫಲ ಕಾಣಬೇಕು ಎಂಬ ಶಿಸ್ತು ಅಲ್ಲಿದೆ.

ಇಂದಿನ ಸಂದೇಶಗಳ ‘ವಿಷ’ಕ್ಕೆ ಹೆಸರಿಲ್ಲ. ದೇಹದಲ್ಲಿ ಕಲ್ಮಷ ಕೂಡುವುದೇ ಸಕಲ ರೋಗಗಳ ಏಕೈಕ ಕಾರಣವೆಂಬ ಸಿದ್ಧಾಂತವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚಾರ ಮಾಡಿದವರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಲೂಯಿ ಕೂನೆ ಪ್ರಮುಖನು. ಅವನ ಪುಸ್ತಕಗಳು ಭಾರತಕ್ಕೆ ಬಂದವು. ಗಾಂಧೀಜಿಯವರೂ ಅವನ್ನು ಓದಿ ಜಲಚಿಕಿತ್ಸೆಯನ್ನು ಪ್ರಯೋಗಿಸಿದರು. 1946ರಲ್ಲಿ ಪುಣೆಯ ಹತ್ತಿರದ ಉರುಳಿ ಕಾಂಚನದಲ್ಲಿ ನಿಸರ್ಗೋಪಚಾರ ಕೇಂದ್ರವನ್ನು ಆರಂಭಿಸಿದರು. ಮಿತಾಹಾರ, ಶಾಕಾಹಾರ, ಸ್ವಚ್ಛತೆಗಳನ್ನು ಕಲಿಸಿದ ಮಟ್ಟಿಗೆ ಆ ಚಳವಳಿ ಉಪಕಾರ ಮಾಡಿತು. ಆದರೆ ಎಲ್ಲ ರೋಗಕ್ಕೂ ಒಂದೇ ಕಲ್ಮಷ ಕಾರಣವೆಂಬ ಅದರ ಸಿದ್ಧಾಂತವು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಉಪವಾಸವು ದೇಹದ ವಿಷ ತೆಗೆಯುವುದೆಂಬುದನ್ನು ಆಗಮದ ಮಾತೆಂದು ತಿಳಿದವರು ಇದನ್ನು ಗಮನಿಸಬೇಕು: ಅದು ಮಾನ್ಯಖೇಟದಿಂದಲೂ ಬಂದುದಲ್ಲ, ಶ್ರವಣಬೆಳಗೊಳದಿಂದಲೂ ಬಂದುದಲ್ಲ.

ದೇಹದ ಸಹಜ ವ್ಯವಸ್ಥೆ

ದೇಹದಲ್ಲಿ ತ್ಯಾಜ್ಯವೇ ಹುಟ್ಟುವುದಿಲ್ಲವೆಂದು ಯಾರೂ ಹೇಳುವುದಿಲ್ಲ. ಅದನ್ನು ಹೊರಹಾಕುವ ವ್ಯವಸ್ಥೆ ಹಗಲಿರುಳು ನಡೆದೇ ಇರುತ್ತದೆ. ಪ್ರಾಯದ ಮನುಷ್ಯನ ಯಕೃತ್ತು ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಆಹಾರದ ಸಾರಜನಕದಿಂದ ಹುಟ್ಟುವ ಅಮೋನಿಯವನ್ನು ಅದು ಯೂರಿಯವಾಗಿ ಬದಲಿಸುತ್ತದೆ. ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನು ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಕಳಿಸುತ್ತವೆ. ಈ ಅಂಗಗಳು ಕೆಟ್ಟರೆ ಆಸ್ಪತ್ರೆಯ ಡಯಾಲಿಸಿಸ್ ಬೇಕಾಗುತ್ತದೆ. ಯಾವ ರಸವೂ ಅವುಗಳ ಕೆಲಸವನ್ನು ಮಾಡಲಾರದು.

ಉಪವಾಸದಲ್ಲಿ ನಾಲಗೆಯ ಮೇಲೆ ಬಿಳಿಯ ಪದರ ಕಟ್ಟುವುದನ್ನೂ ಬಾಯಿಯಿಂದ ವಾಸನೆ ಬರುವುದನ್ನೂ ವಿಷ ಹೊರಬೀಳುವ ಗುರುತೆಂದು ಹೇಳುವುದುಂಟು. ಅದರ ನಿಜವಾದ ಕಾರಣ ಸರಳವಾದುದು. ಯಕೃತ್ತಿನಲ್ಲಿ ಗ್ಲೈಕೊಜೆನ್ ರೂಪದಲ್ಲಿ ಸುಮಾರು ನೂರು ಗ್ರಾಂ ಶರ್ಕರದ ದಾಸ್ತಾನಿರುತ್ತದೆ. ಒಂದು ದಿನದ ಉಪವಾಸದಲ್ಲಿ ಅದರ ಬಹುಭಾಗ ತೀರುತ್ತದೆ. ಬಳಿಕ ದೇಹವು ಕೊಬ್ಬನ್ನು ಕರಗಿಸಿ ಕೀಟೋನುಗಳನ್ನು ತಯಾರಿಸುತ್ತದೆ. ಉಸಿರಿನ ವಾಸನೆ ಬಹುಮಟ್ಟಿಗೆ ಅವುಗಳದು. ಅಗಿಯುವ ಕೆಲಸವಿಲ್ಲದೆ ಬಾಯಿ ಒಣಗಿದ್ದರಿಂದ ನಾಲಗೆಯ ಮೇಲೆ ಪದರ ಕಟ್ಟುತ್ತದೆ. ಮೊದಲ ಎರಡು ಮೂರು ದಿನಗಳಲ್ಲಿ ಇಳಿಯುವ ತೂಕವೂ ಹೆಚ್ಚಾಗಿ ನೀರಿನದೇ. ಪಾರಣೆಯ ಬಳಿಕ ಅದು ಮರಳಿ ಬರುತ್ತದೆ.

ಡಿ.ಡಿ.ಟಿ.ಯಂಥ ಕೆಲವು ಕೀಟನಾಶಕಗಳು ಕೊಬ್ಬಿನಲ್ಲಿ ಸೇರಿಕೊಂಡಿರುವುದು ನಿಜ. ಆದರೆ ಕೊಬ್ಬು ಬೇಗನೆ ಕರಗಿದಾಗ ಅವು ರಕ್ತಕ್ಕೆ ಇಳಿದು, ರಕ್ತದಲ್ಲಿ ಅವುಗಳ ಪ್ರಮಾಣ ಏರುತ್ತದೆಂದು ಪರೀಕ್ಷೆಗಳು ತೋರಿಸಿವೆ. ಹೀಗಿರುವಾಗ ಉಪವಾಸದಿಂದ ವಿಷ ಹೋಯಿತೆಂದು ಹೇಳುವುದು ಹೇಗೆ?

2009ರಲ್ಲಿ ಬ್ರಿಟನ್ನಿನ ‘ಸೆನ್ಸ್ ಅಬೌಟ್ ಸೈನ್ಸ್’ ಎಂಬ ಸಂಸ್ಥೆಯ ತರುಣ ವಿಜ್ಞಾನಿಗಳು ‘ಡಿಟಾಕ್ಸ್’ ಹೆಸರಿನ ಹದಿನೈದು ಪದಾರ್ಥಗಳನ್ನು ಆರಿಸಿ, ಅವು ಯಾವ ವಿಷವನ್ನು ತೆಗೆಯುತ್ತವೆಂದು ತಯಾರಕರನ್ನೇ ಕೇಳಿದರು. ಒಂದು ವಿಷದ ಹೆಸರನ್ನೂ ಯಾರೂ ಹೇಳಲಿಲ್ಲ. ‘ಡಿಟಾಕ್ಸ್’ ಎಂದರೇನೆಂಬುದರ ಬಗ್ಗೆ ಇಬ್ಬರು ತಯಾರಕರಲ್ಲಿ ಒಮ್ಮತವಿರಲಿಲ್ಲ. ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಇಂಥ ಪಥ್ಯಗಳ ಬಗ್ಗೆ ಪ್ರಕಟವಾದುದನ್ನೆಲ್ಲ ಪರಿಶೀಲಿಸಿ 2015ರಲ್ಲಿ ಒಂದು ವಿಮರ್ಶೆ ಪ್ರಕಟಿಸಿದರು. ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪಥ್ಯ ಕೊಟ್ಟು, ಇನ್ನೊಂದರೊಡನೆ ಹೋಲಿಸಿ ನೋಡಿದ ಪ್ರಯೋಗ ಪೇಟೆಯ ಡಿಟಾಕ್ಸ್ ಪಥ್ಯಗಳ ವಿಷಯದಲ್ಲಿ ಒಂದೂ ಅವರಿಗೆ ಸಿಗಲಿಲ್ಲ.

ನೊಬೆಲ್ ಬಹುಮಾನದ ಮಾತು

ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಬಹುಮಾನ ಬಂದುದು ಸತ್ಯ. ಅವರು ಸಂಶೋಧಿಸಿದ ವಿಷಯದ ಹೆಸರು ‘ಆಟೊಫಜಿ’, ಎಂದರೆ ಜೀವಕೋಶವು ತನ್ನೊಳಗಿನ ಹಳೆಯ ಭಾಗಗಳನ್ನು ತಾನೇ ಒಡೆದು ಮರುಬಳಕೆ ಮಾಡಿಕೊಳ್ಳುವ ಕ್ರಿಯೆ. ಅವರ ಪ್ರಸಿದ್ಧ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ಯೀಸ್ಟ್ ಎಂಬ ಏಕಕೋಶ ಜೀವಿಯ ಮೇಲೆ ನಡೆದವು. ಪೋಷಕಾಂಶಗಳನ್ನು ತಪ್ಪಿಸಿದಾಗ ಆ ಕೋಶದೊಳಗೆ ಏನಾಗುವುದೆಂದೂ ಯಾವ ಜೀನುಗಳು ಆ ಕ್ರಿಯೆಯನ್ನು ನಡೆಸುವುವೆಂದೂ ಅವರು ತೋರಿಸಿದರು. ಮಧುಮೇಹಿಯು ಇಷ್ಟು ದಿನ ಉಪವಾಸ ಮಾಡಿದರೆ ರೋಗ ಹೋಗುವುದೆಂಬ ಲೆಕ್ಕ ಆ ಸಂಶೋಧನೆಯಲ್ಲಿಲ್ಲ. ಯೀಸ್ಟಿನ ಕೋಶದಲ್ಲಿ ಕಂಡುದನ್ನು ಜನವಾಡದ ಅಜ್ಜನ ರಕ್ತದ ಸಕ್ಕರೆಗೆ ನೇರವಾಗಿ ಅನ್ವಯಿಸುವುದು ಸಂದೇಶ ಬರೆದವನ ಸಾಹಸವೇ ಹೊರತು ವಿಜ್ಞಾನಿಯ ಮಾತಲ್ಲ.

ಆಹಾರವನ್ನು ಮಿತಗೊಳಿಸುವುದರಿಂದ ಲಾಭವಿಲ್ಲವೆಂದು ವಿಜ್ಞಾನ ಹೇಳುವುದಿಲ್ಲ. 2017ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ‘ಡೈರೆಕ್ಟ್’ ಎಂಬ ಪ್ರಯೋಗದಲ್ಲಿ, ಮಧುಮೇಹ ಆರಂಭವಾಗಿ ಆರು ವರ್ಷ ದಾಟದ, ಸ್ಥೂಲಕಾಯದ ರೋಗಿಗಳಿಗೆ ಮೂರರಿಂದ ಐದು ತಿಂಗಳು ಅಲ್ಪಾಹಾರ ಕೊಟ್ಟಾಗ, ಒಂದು ವರ್ಷದ ಕೊನೆಗೆ ನೂರಕ್ಕೆ 46 ಮಂದಿಯಲ್ಲಿ ರೋಗವು ಔಷಧವಿಲ್ಲದೆ ಹತೋಟಿಯಲ್ಲಿತ್ತು. ಆದರೆ ಅಲ್ಲಿ ಕೆಲಸ ಮಾಡಿದ್ದು ತೂಕದ ಇಳಿತ. ಔಷಧ ನಿಲ್ಲಿಸಿದ್ದು ವೈದ್ಯರ ಸುಪರ್ದಿಯಲ್ಲಿ. ಅಂದರೆ ಹತ್ತು ದಿನದ ಪವಾಡ ಅಲ್ಲಿಯೂ ನಡೆಯಲಿಲ್ಲ. ಇನ್ನು ದಿನದ ಕೆಲವೇ ಗಂಟೆಗಳಲ್ಲಿ ಉಣ್ಣುವ ಕ್ರಮವನ್ನು ಚೀನದಲ್ಲಿ 139 ಸ್ಥೂಲಕಾಯರ ಮೇಲೆ ಒಂದು ವರ್ಷ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಅಷ್ಟೇ ಆಹಾರವನ್ನು ಸಾಮಾನ್ಯ ವೇಳೆಗಳಲ್ಲಿ ಉಂಡವರಿಗಿಂತ ಅವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ.

‘ನೈಸರ್ಗಿಕ’ವೆಂದರೆ ನಿರಪಾಯವೇ?

ಸೋರೆಕಾಯಿಯ ಹಸಿ ರಸವನ್ನು ಬೆಳಿಗ್ಗೆ ಕುಡಿದರೆ ದೇಹ ಶುದ್ಧವಾಗುವುದೆಂಬ ನಂಬಿಕೆ ಬಹಳ ಹರಡಿದೆ. ಇಂಥ ರಸ ಕುಡಿದು ಜೀವಹಾನಿಯಾದ ಪ್ರಸಂಗಗಳು ವರದಿಯಾದ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೊಂದು ವಿಚಾರಣೆ ನಡೆಸಿತು. ಅದರ ವರದಿ 2012ರಲ್ಲಿ ಪ್ರಕಟವಾಯಿತು. ಕಹಿಯಾದ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಪದಾರ್ಥ ಇರುತ್ತದೆ. ಅದು ವಾಂತಿ, ಭೇದಿ, ರಕ್ತಸ್ರಾವಗಳನ್ನು ಉಂಟುಮಾಡುತ್ತದೆ; ಅದಕ್ಕೆ ಪ್ರತ್ಯೇಕವಾದ ಮದ್ದಿಲ್ಲ. ಕಾಯಿಯ ಚೂರನ್ನು ಮೊದಲು ನಾಲಗೆಗೆ ಹಚ್ಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು. ವಿಷ ತೆಗೆಯಲೆಂದು ಕುಡಿದ ರಸದಲ್ಲಿಯೇ ವಿಷವಿದ್ದ ವಿಪರ್ಯಾಸವಿದು.

ಶ್ರಾವಕನಿಗೆ ಇನ್ನೊಂದು ಎಚ್ಚರವೂ ಬೇಕು. ಡಿಟಾಕ್ಸ್ ಪಾನೀಯಗಳಲ್ಲಿ ಮೊದಲನೆಯದು ಬಿಸಿನೀರು, ನಿಂಬೆ, ಜೇನುತುಪ್ಪ. ಮಧುತ್ಯಾಗವು ಮೂಲಗುಣಗಳಲ್ಲಿ ಒಂದು. ಎರಡನೆಯದು ಬೀಟ್‌ರೂಟ್, ಗಜ್ಜರಿಗಳ ರಸ, ಅವು ಕಂದಮೂಲಗಳು. ಮೂರನೆಯದು ಬೇಯಿಸದ ಹಸಿರು ಸೊಪ್ಪಿನ ರಸ. ಸಚಿತ್ತತ್ಯಾಗ ಮಾಡಿದವರಿಗೆ ಅದು ಸಲ್ಲದು. ಧರ್ಮವನ್ನು ಸಮರ್ಥಿಸಲೆಂದು ಬಂದ ವಿಚಾರವು ಅಡಿಗೆಮನೆಯ ಹೊಸ್ತಿಲಲ್ಲಿಯೇ ವ್ರತವನ್ನು ಮುರಿಯುತ್ತದೆ.

ಸಮಂತಭದ್ರಾಚಾರ್ಯರ ಉದಾಹರಣೆ

ಪರಂಪರೆಯ ಕಥೆಯ ಪ್ರಕಾರ ಸಮಂತಭದ್ರಾಚಾರ್ಯರಿಗೆ ಮುನಿಯಾಗಿದ್ದಾಗ ಭಸ್ಮಕವ್ಯಾಧಿ ಬಂತು. ಎಷ್ಟು ಉಂಡರೂ ತಣಿಯದ ಹಸಿವೆಯ ರೋಗವದು. ಮುನಿಯ ಒಂದು ಹೊತ್ತಿನ ಆಹಾರದಿಂದ ಅದು ಶಮನವಾಗದು. ಅವರು ಗುರುಗಳಲ್ಲಿಗೆ ಹೋಗಿ ಸಲ್ಲೇಖನೆಗೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಅವರಿಂದ ಧರ್ಮಪ್ರಭಾವನೆ ಆಗಬೇಕಾಗಿರುವುದರಿಂದ ಮುನಿವೇಷವನ್ನು ಕೆಲಕಾಲ ಬಿಟ್ಟು, ರೋಗವನ್ನು ಗುಣಪಡಿಸಿಕೊಂಡು, ಪುನಃ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರು. ಆಚಾರ್ಯರು ಹಾಗೆಯೇ ಮಾಡಿದರು. ಆಹಾರದಿಂದಲೇ ರೋಗ ಶಮನವಾಯಿತು.

ಇಲ್ಲಿ ಗುರುಗಳು ತಪಸ್ಸನ್ನು ಔಷಧವೆಂದು ಹೇಳಲಿಲ್ಲ; ರೋಗಿಯನ್ನು ಇನ್ನಷ್ಟು ಉಪವಾಸಕ್ಕೆ ನೂಕಲೂ ಇಲ್ಲ. ರೋಗಕ್ಕೆ ರೋಗದ ಉಪಚಾರ, ಬಳಿಕ ತಪಸ್ಸು. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೆಂಬುದೊಂದು. ಇರುವ ಶಕ್ತಿಯನ್ನು ಮರೆಮಾಡದೆ, ಇಲ್ಲದ ಶಕ್ತಿಯನ್ನು ಆರೋಪಿಸಿಕೊಳ್ಳದೆ ತಪಸ್ಸು ಮಾಡುವುದು ಅದರ ಅಭಿಪ್ರಾಯ. ಆದಿನಾಥರ ದೀರ್ಘ ಉಪವಾಸವನ್ನೂ ಬಾಹುಬಲಿಯ ವರ್ಷದ ಪ್ರತಿಮಾಯೋಗವನ್ನೂ ತೋರಿಸಿ ಹುರಿದುಂಬಿಸುವವರು ಅವರದು ಉತ್ತಮ ಸಂಹನನವೆಂಬುದನ್ನು ಮರೆಯಬಾರದು. ಪಂಚಮಕಾಲದ ದೇಹಗಳ ಸಂಹನನ ಹೀನವಾದುದು.

ಕರ್ನಾಟಕದ ಜೈನ ಶಾಸನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ಮತ್ತೆ ಮತ್ತೆ ಹೊಗಳುತ್ತವೆ. ಭೈಷಜ್ಯವೆಂದರೆ ಔಷಧ. ಔಷಧವನ್ನು ಕೊಡುವುದು ಪುಣ್ಯವಾದರೆ, ಅಗತ್ಯವಿರುವವನು ಅದನ್ನು ಸ್ವೀಕರಿಸುವುದರಲ್ಲಿ ನಾಚಿಕೆಯೇನು? ಮುನಿಗಳಿಗೂ ರೋಗವಿದ್ದಾಗ ಆಹಾರದ ಹೊತ್ತಿನಲ್ಲಿ ಶುದ್ಧ ಔಷಧವನ್ನು ಕೊಡುವ ಕ್ರಮವಿದೆ.

ಶ್ರಾವಕ ಶ್ರಾವಿಕೆಯರು ಗಮನಿಸಬೇಕಾದುದು

ಮೊದಲನೆಯದಾಗಿ, ನಿತ್ಯ ಔಷಧ ತೆಗೆದುಕೊಳ್ಳುವವರು ವ್ರತ ಹಿಡಿಯುವ ಮುನ್ನ, ಕನಿಷ್ಠ ಒಂದು ವಾರ ಮೊದಲು, ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಜಾತಿಯ ಗುಳಿಗೆಗಳನ್ನು ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಔಷಧವನ್ನು ತಾವೇ ನಿಲ್ಲಿಸಿದರೆ ಸಕ್ಕರೆ ಮಿತಿಮೀರಿ ಏರಬಹುದು. ಎರಡೂ ಪ್ರಾಣಕ್ಕೆ ಕುತ್ತು. ಬೆವರು, ನಡುಕ, ಮಂಕು ಕಾಣಿಸಿದರೆ ತಡಮಾಡದೆ ಸಕ್ಕರೆಯ ನೀರು ಕುಡಿಸಿ ವೈದ್ಯರಲ್ಲಿಗೆ ಒಯ್ಯಬೇಕು. ವ್ರತಭಂಗಕ್ಕೆ ಪ್ರಾಯಶ್ಚಿತ್ತವಿದೆ, ಹೋದ ಪ್ರಾಣಕ್ಕೆ ಇಲ್ಲ.

ಎರಡನೆಯದಾಗಿ, ಮೂತ್ರಪಿಂಡದ ರೋಗವಿರುವವರು, ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ನೀರನ್ನೂ ಬಿಡುವ ನಿರಾಹಾರವನ್ನು ಹಿಡಿಯಬಾರದು. ಮಕ್ಕಳ ಉಪವಾಸದ ದಿನಗಳನ್ನು ಎಣಿಸಿ ಹೊಗಳುವುದರಿಂದ ಅವರಲ್ಲಿ ಸಂಯಮಕ್ಕಿಂತ ಮಾನಕಷಾಯವೇ ಬೆಳೆಯುತ್ತದೆ.

ಮೂರನೆಯದಾಗಿ, ಬಾಹ್ಯ ತಪಸ್ಸು ಆರು ಬಗೆಯೆಂಬುದನ್ನು ನೆನೆದು, ಅನಶನ ಸಾಧ್ಯವಾಗದವರು ಉಳಿದವನ್ನು ಆರಿಸಿಕೊಳ್ಳಬೇಕು. ಹಸಿವೆಗಿಂತ ಕಡಿಮೆ ಉಣ್ಣುವುದು ಅವಮೌದರ್ಯ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಸಕ್ಕರೆ, ಉಪ್ಪುಗಳಲ್ಲಿ ಒಂದನ್ನೋ ಎರಡನ್ನೋ ಬಿಡುವುದು ರಸಪರಿತ್ಯಾಗ. ಮಧುಮೇಹಿಯು ಸಿಹಿಯನ್ನೂ ರಕ್ತದೊತ್ತಡದವನು ಉಪ್ಪನ್ನೂ ವೈದ್ಯರಿಗೆ ತಿಳಿಸಿ ಬಿಟ್ಟರೆ ವ್ರತಕ್ಕೂ ವೈದ್ಯಕ್ಕೂ ವಿರೋಧ ಬರುವುದಿಲ್ಲ. ಆದರೆ ಸಂಕಲ್ಪವು ರಾಗದ ತ್ಯಾಗಕ್ಕಾಗಿಯೇ ಇರಬೇಕು.

ನಾಲ್ಕನೆಯದಾಗಿ, ದೀರ್ಘ ಉಪವಾಸದ ಪಾರಣೆಯನ್ನು ಹಬ್ಬದೂಟ ಮಾಡಬಾರದು. ಎರಡನೆಯ ಮಹಾಯುದ್ಧದ ಕೊನೆಗೆ, ಹಸಿದು ಸೊರಗಿದ್ದ ಸೆರೆಯಾಳುಗಳಿಗೆ ಒಮ್ಮೆಲೇ ಊಟ ಕೊಟ್ಟಾಗ ಹಲವರು ಸತ್ತರು. ಉಪವಾಸದ ಬಳಿಕ ಪಿಷ್ಟ, ಸಕ್ಕರೆಗಳು ಒಮ್ಮೆಗೇ ಸೇರಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಮ್ ಲವಣಗಳು ಕುಸಿದು ಹೃದಯಕ್ಕೆ ಅಪಾಯವಾಗುತ್ತದೆ. ಹೆಸರುಬೇಳೆಯ ತಿಳಿಕಟ್ಟಿನಿಂದ ಆರಂಭಿಸಿ ಮೆಲ್ಲಗೆ ಊಟಕ್ಕೆ ಬರುವ ಹಿರಿಯರ ಪದ್ಧತಿ ಇದಕ್ಕೆ ಅನುಕೂಲವಾದುದು.

ಐದನೆಯದಾಗಿ, ಪರೀಕ್ಷಿಸದ ಸಂದೇಶವನ್ನು ಮುಂದಕ್ಕೆ ಕಳಿಸಬಾರದು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ. ಧರ್ಮದ ಹೊಗಳಿಕೆಯಿದೆ ಎಂಬ ಕಾರಣಕ್ಕೆ ಸುಳ್ಳು ಸತ್ಯವಾಗುವುದಿಲ್ಲ. ಅದನ್ನು ನಂಬಿ ಒಬ್ಬರು ಗುಳಿಗೆ ಬಿಟ್ಟರೆ ಆ ಹಿಂಸೆಯಲ್ಲಿ ಕಳಿಸಿದವನಿಗೂ ಪಾಲಿದೆ.

ಉಪಸಂಹಾರ

ಜನವಾಡದ ಹಿರಿಯರು ಈಗ ಮೊಮ್ಮಗಳಿಗೆ ಉತ್ತರ ಹೇಳಬಲ್ಲರು. ನಿರ್ಜರೆಗೆ ತಪಸ್ಸು, ಸಕ್ಕರೆಗೆ ಗುಳಿಗೆ. ಅವರು ಮಾಡದಲ್ಲಿ ಹಿಂದಕ್ಕೆ ಸರಿಸಿದ್ದ ಡಬ್ಬಿಯನ್ನು ಮುಂದಕ್ಕೆ ಎಳೆದು, ಬೀದರಿಗೆ ಹೋಗಿ ವೈದ್ಯರನ್ನು ಕೇಳಿ, ಅವರು ಒಪ್ಪಿದ ಪ್ರಕಾರ ಮಿತವಾದ ಆಹಾರವನ್ನೂ ಸಿಹಿಯ ತ್ಯಾಗವನ್ನೂ ಹತ್ತು ದಿನದ ನಿಯಮವಾಗಿ ಹಿಡಿಯಬಹುದು. ಉಳಿದ ವೇಳೆಯನ್ನು ಸ್ವಾಧ್ಯಾಯಕ್ಕೆ ಕೊಡಬಹುದು. ಅದು ಅಂತರಂಗ ತಪಸ್ಸುಗಳಲ್ಲಿ ಒಂದು. ಅನಂತ ಚತುರ್ದಶಿಯ ದಿನ ಅವರ ತೂಕ ಇಳಿದಿದೆಯೋ ಇಲ್ಲವೋ ಎಂದು ಯಾರೂ ಕೇಳಬೇಕಾಗಿಲ್ಲ. ಕ್ರೋಧ, ಲೋಭಗಳು ಎಳ್ಳಷ್ಟಾದರೂ ಇಳಿದಿವೆಯೇ ಎಂದು ಅವರೇ ಕೇಳಿಕೊಂಡರೆ ಪರ್ವ ಸಾರ್ಥಕ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಅನಶನದ ಉದ್ದೇಶಗಳೆಂದು ಪೂಜ್ಯಪಾದಾಚಾರ್ಯರು ಹೇಳಿರುವುವು ಯಾವುವು? ಅವುಗಳಲ್ಲಿ ಆರೋಗ್ಯವು ಏಕೆ ಸೇರಿಲ್ಲ?
2. ನಿದಾನಶಲ್ಯವೆಂದರೇನು? ತೂಕ ಇಳಿಸಲೆಂದು ಮಾಡುವ ಉಪವಾಸಕ್ಕೂ ಅದಕ್ಕೂ ಸಂಬಂಧವೇನು?
3. ಯೀಸ್ಟಿನ ಮೇಲಿನ ಪ್ರಯೋಗವನ್ನು ಮಧುಮೇಹಿಯ ಉಪವಾಸಕ್ಕೆ ಏಕೆ ಅನ್ವಯಿಸಬಾರದು?
4. ಮನೆಯಲ್ಲಿ ನಿತ್ಯ ಔಷಧ ಸೇವಿಸುವವರು ಯಾರು? ಮುಂದಿನ ಪರ್ವಕ್ಕೆ ಅವರು ಆರಿಸಿಕೊಳ್ಳಬಹುದಾದ ತಪಸ್ಸು ಯಾವುದು?